ಸ್ವಂತ ಅನುಭವದ ಹಾಡು

ಹನ್ನೊಂದನೆಯ ಸಲ ಅದೇ ಸಾಲು ಬಂದಾಗ ಸುಷ್ಮಾ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅಳು ಬರಲಿಲ್ಲ, ಸಿಟ್ಟು ಬಂತು.

ಏರಿಯ ಕೆಳಗೆ ಮಲಗಿದೆಯಲ್ಲೋ ಯಜಮಾನ,
ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಕೆಸರು;
ನೀರು ಕೇಳಿದೆ ನೀನು, ನಾ ಕೇಳಲಿಲ್ಲ ಹೆಸರು.

ಹಾಡಿದವನು ಭದ್ರಾವತಿಯ ನವೀನ್. ಗಿಟಾರ್ ಹಿಡಿದು ತತ್ವಪದದ ಧಾಟಿಗೆ ಅಮೆರಿಕದ ಬ್ಲೂಸ್ ಸಂಗೀತ ಬೆರೆಸುತ್ತಿದ್ದ. ಸಿನಿಮಾದವರ ಹಂಗಿಲ್ಲದೆ ತಾನೇ ಬರೆದು, ತಾನೇ ಹಾಡಿ, ತಾನೇ ಯೂಟ್ಯೂಬಿಗೆ ಹಾಕುತ್ತಿದ್ದ. ಮೊದಲ ಆಲ್ಬಂ ಬಂದು ತಿಂಗಳಾಗಿತ್ತು. ವಿಮರ್ಶಕರು ಮುಗಿಬಿದ್ದು ಹೊಗಳುತ್ತಿದ್ದರು. ಏರಿಯ ಕೆಳಗೆ ಮಲಗಿದವನು ಕೆಲಸ ಕಳೆದುಕೊಂಡ ಕಾರ್ಮಿಕ ಎಂದು ಒಬ್ಬರು, ಅಲ್ಲ, ಸೋತುಹೋದ ಕ್ರಾಂತಿ ಎಂದು ಇನ್ನೊಬ್ಬರು. ಆ ಚಪ್ಪಲಿಯ ಮೇಲೆಯೇ ಒಬ್ಬರು ಒಂದೂವರೆ ಪುಟ ಬರೆದಿದ್ದರು. ನಮ್ಮಲ್ಲಿ ರೂಪಕ ಹುಡುಕುವವರಿಗೆ ಬರವೇ?

ಸುಷ್ಮಾ ಕೂಡ ವಿಮರ್ಶಕಿ. ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ವಾರಕ್ಕೊಮ್ಮೆ ಹಾಡುಗಳ ಬಗ್ಗೆ ಬರೆಯುತ್ತಿದ್ದಳು. ಅವಳ ಹೊಗಳಿಕೆ ಎಲ್ಲರದಕ್ಕಿಂತ ಜೋರಾಗಿತ್ತು. 'ಇದು ರೂಪಕವಲ್ಲ, ಅನುಭವ. ಕಣ್ಣಾರೆ ಕಾಣದವನು ಇಂಥ ಸಾಲು ಬರೆಯಲಾರ. ನಮ್ಮ ಜಿಲ್ಲೆಗೆ ಕೊನೆಗೂ ಒಬ್ಬ ನಿಜವಾದ ಹಾಡುಗಾರ ಸಿಕ್ಕಿದ್ದಾನೆ.' ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಎನ್ನುತ್ತಾರಲ್ಲ, ಆ ಶೂಲ ಕೊನೆಯ ಪ್ಯಾರಾದಲ್ಲಿತ್ತು. 'ಆದರೆ ಇದೇ ಹಾಡನ್ನು ಮೂರು ವರ್ಷದ ಹಿಂದೆ, ಜೂನ್ ಇಪ್ಪತ್ತರಂದು, ಕಲ್ಲಮ್ಮ ಎಂಬ ಸೋಬಾನೆ ಹಾಡುಗಾರ್ತಿಯ ಬಾಯಲ್ಲಿ ಕೇಳಿದ ನೆನಪು. ನವೀನ್ ವಿವರಿಸುತ್ತಾರೆಯೇ?'

ಊರಿಗೆ ಅಷ್ಟು ಸಾಕಾಯಿತು. ಸೋಮವಾರ ಮೇರು ಪ್ರತಿಭೆ ಎಂದವರೇ ಬುಧವಾರ ಕಳ್ಳ ಎಂದರು.

ಕಲ್ಲಮ್ಮ ಸುಷ್ಮಾಳ ಹೆತ್ತ ತಾಯಿ ಎಂಬುದು ನವೀನನಿಗೆ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಕಲ್ಲಮ್ಮ ಬಾಯಿ ತೆರೆಯದೆ ಮದುವೆಮನೆಯಲ್ಲಿ ಹೆಣ್ಣು ಹಸೆಗೆ ಬರುತ್ತಿರಲಿಲ್ಲ. ಈಗ ಮೂರು ವರ್ಷದಿಂದ ಅವಳನ್ನು ಸೋಬಾನೆಗೆ ಯಾರೂ ಕರೆದಿರಲಿಲ್ಲ. ವಿದ್ಯಾನಗರದ ಮಗಳ ಮನೆಯಲ್ಲಿ ತುಟಿ ಹೊಲಿದುಕೊಂಡು ಕೂತಿರುತ್ತಿದ್ದಳು. ಅಮ್ಮನ ಹಾಡು ಕಿತ್ತುಕೊಂಡವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಸುಷ್ಮಾ ಪಣ ತೊಟ್ಟಿದ್ದಳು. ಅವನು ನಾಲ್ಕು ಜನರೆದುರು ಬೀಳಬೇಕು, ತಾನು ನಿಂತು ನೋಡಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಅವ್ನು ಬರ್ತಾನೇನೇ?" ಎಂದು ಕಲ್ಲಮ್ಮ ಕೇಳಿದಳು.

"ಬರ್ತಾನಮ್ಮ. ಕಳ್ಳ ಅಂದ್ರೆ ಯಾವ ಹಾಡುಗಾರ ಸುಮ್ನಿರ್ತಾನೆ?"

ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇರೆ. ನವೀನ್ ಹೆಗಲು ಕೊಡವಿಕೊಂಡೇ ಬಂದ. ಭಾನುವಾರ ಬೆಳಿಗ್ಗೆ ದುರ್ಗಿಗುಡಿಯ ಸಭಾಂಗಣದಲ್ಲಿ ಸುಷ್ಮಾಳ ಪತ್ರಿಕೆ ಏರ್ಪಡಿಸಿದ್ದ ಸಂವಾದ. ಕುರ್ಚಿಗಳೆಲ್ಲ ತುಂಬಿ ಗೋಡೆಗೆ ಒರಗಿ ನಿಂತಿದ್ದರು. ಮೊದಲ ಸಾಲಿನಲ್ಲಿ ಕಲ್ಲಮ್ಮ, ಸೆರಗು ಹೊದ್ದು, ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಹಾಡು ನಂದು ಮೇಡಂ," ಎಂದ ನವೀನ್. "ಸ್ವರ ಸರಿಯಿಲ್ಲ ಅನ್ನಿ, ಗಿಟಾರ್ ಬರಲ್ಲ ಅನ್ನಿ. ಕಳ್ಳ ಮಾತ್ರ ಅನ್ಬೇಡಿ."

"ಹಾಗಾದ್ರೆ ಎಲ್ಲಿಂದ ಬಂತು? ಕಲ್ಪನೆನಾ?" ಎಂದಳು ಸುಷ್ಮಾ.

"ನೀವೇ ಬರೆದ್ರಲ್ಲ, ಅನುಭವ ಅಂತ. ಸಂಜೆ ಕಾರಲ್ಲಿ ಭದ್ರಾವತಿಗೆ ವಾಪಸ್ ಹೋಗ್ತಿದ್ದೆ. ಚಾನಲ್ ಏರಿ ಕೆಳಗೆ ಒಬ್ಬ ಯಜಮಾನ ಬಿದ್ದಿದ್ದ. ಕುಡಿದಿದ್ದ ಅನ್ಸುತ್ತೆ. ಮನೆಗೆ ಹೋದ್ರೂ ಅದೇ ಕಣ್ಮುಂದೆ. ಬೆಳಿಗ್ಗೆ ಎದ್ದು ಬರೆದೆ."

"ಚಪ್ಪಲಿ ಯಾವ ಕಾಲಲ್ಲಿತ್ತು?"

"ಎಡಗಾಲಲ್ಲಿ." ಉತ್ತರ ಥಟ್ಟನೆ ಬಂತು. ಸಭೆ ತಲೆದೂಗಿತು. ಕದ್ದವನಿಗೆ ಇಷ್ಟು ವಿವರ ಗೊತ್ತಿರುವುದುಂಟೇ?

"ಬಾಯಿಮಾತು ಯಾರು ಬೇಕಾದ್ರೂ ಹೇಳ್ತಾರೆ. ಸಾಕ್ಷಿ ಇದ್ಯಾ?"

ಅವನು ಇದಕ್ಕೇ ಕಾಯುತ್ತಿದ್ದವನಂತೆ ಫೋನನ್ನು ಪರದೆಗೆ ಜೋಡಿಸಿದ. ಅವನದೇ ದನಿ, ಗಿಟಾರಿಲ್ಲದೆ, ಅವೇ ಮೂರು ಸಾಲು. ಪಕ್ಕದಲ್ಲಿ ದಿನಾಂಕ, ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ: ಮೂರು ವರ್ಷದ ಹಿಂದಿನ ಜೂನ್ ಹನ್ನೆರಡು, ಬೆಳಿಗ್ಗೆ ಆರು ನಲವತ್ತು. ಕಲ್ಲಮ್ಮ ಹಾಡಿದಳು ಎಂದ ದಿನಕ್ಕಿಂತ ಎಂಟು ದಿನ ಮುಂಚೆ.

ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ "ಈಗ ಹೇಳಿ ಮೇಡಂ, ಯಾರು ಕಳ್ಳ?" ಎಂದು ಕೂಗಿದರು. ಸುಷ್ಮಾಳ ಮುಖ ಬಿಳಿಚಿಕೊಂಡಿತ್ತು.

"ಇಷ್ಟನ್ನೂ ಬರೆದು ಸಹಿ ಹಾಕಿ ಕೊಡಿ," ಎಂದಳು. "ಎಲ್ಲಿ ನೋಡಿದ್ರಿ, ಯಾವತ್ತು ನೋಡಿದ್ರಿ, ಎಲ್ಲ. ನಾನು ಬರೆದಿದ್ದು ತಪ್ಪು ಅಂತ ಮುಂದಿನ ವಾರ ನಾನೇ ಪ್ರಕಟಿಸ್ತೀನಿ."

ಗೆದ್ದವನಿಗೆ ಬರೆಯಲು ಬೇಸರವೇ? ಜಾಗ, ದಿನ, ಹೊತ್ತು ಎಲ್ಲ ಬರೆದ. ಅಭಿಮಾನಿಗೆ ಆಟೋಗ್ರಾಫ್ ಕೊಡುವಂತೆ ಕೆಳಗೆ ಉದ್ದಕ್ಕೆ ಸಹಿ ಎಳೆದ.

ಕಲ್ಲಮ್ಮ ನಿಧಾನವಾಗಿ ಎದ್ದಳು. "ಹಾಡು ನಿಂದೇ ಕಣಪ್ಪ. ನಾನು ಹಸೆಗೆ ಹಾಡ್ದೋಳು. ಇಂಥದ್ದು ನನ್ ಬಾಯಲ್ಲಿ ಯಾವತ್ತೂ ಬಂದಿಲ್ಲ."

ನವೀನನ ಕಣ್ಣು ತುಂಬಿತು. ಬಗ್ಗಿ ಅವಳ ಕಾಲು ಮುಟ್ಟಲು ಹೋದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಜನ ಅದನ್ನು ದೊಡ್ಡವರ ಸಂಕೋಚ ಎಂದುಕೊಂಡರು.

ಸುಷ್ಮಾ ಕಾಗದವನ್ನು ನಾಲ್ಕಾಗಿ ಮಡಿಸಿದಳು. ಮೊದಲ ಸಾಲಿನ ಕೊನೆಯಲ್ಲಿ ಮಫ್ತಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು.

ಕಲ್ಲಮ್ಮನ ಗಂಡ ರಂಗಪ್ಪನಿಗೆ ಯಾವುದೋ ಕಾರು ಗುದ್ದಿ ನಿಲ್ಲದೆ ಹೋದದ್ದು ಅದೇ ವರ್ಷದ ಜೂನ್ ಹನ್ನೊಂದರ ಸಂಜೆ. ಏರಿಯ ಕೆಳಗೆ, ಎಡಗಾಲಿಗೆ ಮಾತ್ರ ಚಪ್ಪಲಿಯಿದ್ದ ಅವನ ಹೆಣ ಮೊದಲ ಸಲ ಜನರ ಕಣ್ಣಿಗೆ ಬಿದ್ದದ್ದು ಹದಿಮೂರರ ಮಧ್ಯಾಹ್ನ.