ಅತ್ತೆ ಕೂರಿಸಿದ ಟೈಮಿಂಗ್

ಸ್ಪಾರ್ಕ್ ಬೀಳುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಸೊಸೆ ಅತ್ತೆಯ ಕಾರಿನ ಎಂಜಿನ್ ಪುಲ್ಲಿಯ ಮೇಲಿನ ಬಿಳಿ ಗುರುತನ್ನು ನೋಡಿದಳು. ನಿನ್ನೆ ಕರಾರುವಾಕ್ಕಾಗಿ ಕೂತಿದ್ದ ಗುರುತು ಇವತ್ತು ಪಕ್ಕಕ್ಕೆ ಸರಿದಿತ್ತು. ಲ್ಯಾಪ್‌ಟಾಪ್ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ನಿನ್ನೆಯ ಡಿಗ್ರಿಯನ್ನೇ ತೋರಿಸುತ್ತಿತ್ತು. ಎಂಜಿನ್ನಿಗೆ ಹೊಸದಾಗಿ ಕೂರಿಸಿದ ಕಂಪ್ಯೂಟರಿನ ಒಂದೊಂದು ವೈರನ್ನೂ ಬಿಚ್ಚಿ, ನೋಡಿ, ಮತ್ತೆ ಜೋಡಿಸಿ ಅವಳು ಬೆಳಗಿನಿಂದ ಹೈರಾಣಾಗಿದ್ದಳು. ಕಾಯಿಲ್ ಸರಿ, ಅರ್ತ್ ಸರಿ. ತಪ್ಪೆಲ್ಲಿ ಎಂದು ಹೊಳೆಯದೆ ತಲೆ ಚಿಟ್ಟುಹಿಡಿದಿತ್ತು.

"ಅದನ್ನೇನು ಹಾಗೆ ಗುರಾಯಿಸ್ತೀಯ?" ಷೆಡ್ಡಿನ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಅತ್ತೆ ಕೇಳಿದರು. "ಡಿಸ್ಟ್ರಿಬ್ಯೂಟರ್ ನಾನೇ ಒಂಚೂರು ತಿರುಗಿಸಿದ್ದು."

"ನೀವಾ? ಯಾವಾಗ?"

"ನೀನು ಸ್ನಾನಕ್ಕೆ ಹೋಗಿದ್ದಾಗ. ಸ್ಪಾರ್ಕ್ ತಡವಾಗಿ ಬರ್ತಿತ್ತು. ಎಂಜಿನ್ ಮಂಕು ಹಿಡಿದ ಹಾಗಿತ್ತು."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅತ್ತೆ, ಯಾವಾಗ ಸ್ಪಾರ್ಕ್ ಕೊಡಬೇಕು ಅಂತ ಈಗ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಡಿಸ್ಟ್ರಿಬ್ಯೂಟರ್ ಇದ್ದ ಜಾಗದಲ್ಲೇ ಇದೆ ಅಂತ ನಂಬಿಕೊಂಡು ಹಾಕುತ್ತೆ. ನೀವು ತಿರುಗಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?"

"ಅದಕ್ಕೆ ಗೊತ್ತಾಗದಿದ್ದರೆ ಬಿಡು. ನನಗೆ ಗೊತ್ತಾಗುತ್ತಲ್ಲ."

ಈ ಮಾತಿಗೆ ಎದುರಾಡುವುದು ಸುಲಭವಿರಲಿಲ್ಲ. ಈ ಷೆಡ್ಡಿಗೆ ಗಾಡಿಗಳು ಬರುತ್ತಿದ್ದುದೇ ಅತ್ತೆಯ ಕಿವಿಯನ್ನು ನಂಬಿ. ಬಾನೆಟ್ ಎತ್ತಿ, ಕಿವಿಗೊಟ್ಟು, ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಸ್ಪಾರ್ಕಿನ ಹೊತ್ತು ಹೊಂದಿಸಿದರೆ ಮುಗಿಯಿತು. ಗೊಣಗುತ್ತಿದ್ದ ಎಂಜಿನ್ ಬಾಯಿ ಮುಚ್ಚುತ್ತಿತ್ತು. ಸೊಸೆ ಕಂಪ್ಯೂಟರ್ ಕೂರಿಸುವುದನ್ನು ಕಲಿತು ಬಂದಾಗ, "ಕೈ ಪಳಗಿಸೋದಾದರೆ ನನ್ನ ಕಾರಿನ ಮೇಲೆ ಪಳಗಿಸು, ಗಿರಾಕಿಗಳ ಗಾಡಿ ತಂಟೆಗೆ ಹೋಗಬೇಡ" ಎಂದು ಕೀ ಕೊಟ್ಟಿದ್ದರು. ಅಂದಿನಿಂದ ಇಬ್ಬರಿಗೂ ದಿನಾ ಜಟಾಪಟಿ. ಮಗರಾಯ ಜಾಣ, ಷೆಡ್ಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ.

"ಬಾ, ಏರು ಹತ್ತಿಸಿ ತೋರಿಸ್ತೀನಿ," ಎಂದು ಅತ್ತೆ ಲೋಟ ಇಟ್ಟು ಸ್ಟೀರಿಂಗ್ ಮುಂದೆ ಕೂತರು.

ಷೆಡ್ಡಿನ ಹಿಂದಿನ ರಸ್ತೆ ನೀರಿನ ಟ್ಯಾಂಕಿನವರೆಗೆ ಒಂದೇ ಏರು. ಅರ್ಧ ಹತ್ತುವಷ್ಟರಲ್ಲಿ ಅತ್ತೆ ಆಕ್ಸಿಲರೇಟರ್ ಒತ್ತಿದರು. ಡಬ್ಬಿಯಲ್ಲಿ ಒಣಕಾಳು ಹಾಕಿ ಕುಲುಕಿದ ಹಾಗೆ ಎಂಜಿನ್ನಿನಿಂದ ಸದ್ದು ಶುರುವಾಯಿತು. ಸ್ಪಾರ್ಕ್ ಅವಸರಪಟ್ಟರೆ ಬರುವ ಸದ್ದು ಅದು. ಹೀಗೇ ಓಡಿಸಿದರೆ ಒಂದು ದಿನ ಪಿಸ್ಟನ್ ತೂತು ಬೀಳುತ್ತದೆ. ಆ ಸದ್ದನ್ನು ಗುರುತು ಹಿಡಿಯಲು ಅವಳಿಗೆ ಕಲಿಸಿದವರೇ ಅತ್ತೆ. ಸಿಕ್ಕಿಬಿದ್ದರಲ್ಲ ಎಂದು ಒಳಗೊಳಗೇ ಖುಷಿಪಡುತ್ತಾ ಅವಳು ಅವರತ್ತ ತಿರುಗಿದಳು.

"ನೋಡಿದೆಯಾ?" ಎಂದರು ಅತ್ತೆ. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗ್ತಿದೆ."

ಆ ಮುಖದಲ್ಲಿ ಹಟವಿರಲಿಲ್ಲ, ನಿಜವಾದ ತೃಪ್ತಿಯಿತ್ತು. ಸೊಸೆಯ ಖುಷಿ ಇಳಿದುಹೋಯಿತು.

"ಅತ್ತೆ, ನಾಕಿಂಗ್ ಆಗ್ತಿದೆ."

"ಎಲ್ಲಿ?"

ಅತ್ತೆ ಗಾಡಿಯನ್ನು ಕೆಳಗಿಳಿಸಿ, ಕಿಟಕಿಗಳ ಗಾಜು ಇಳಿಸಿ, ತಲೆ ಹೊರಗೆ ಚಾಚಿ ಮತ್ತೊಮ್ಮೆ ಏರು ಹತ್ತಿಸಿದರು.

"ಈಗಲೂ ಇದೆಯಾ?"

"ಇದೆ."

"ಜೋರಾಗಿ?"

"ಹೂಂ."

ಟ್ಯಾಂಕಿನ ಬುಡದಲ್ಲಿ ಅತ್ತೆ ಎಂಜಿನ್ ಆರಿಸಿದರು. "ನಿನ್ನ ಮಾತು ಕೇಳಿಸುತ್ತೆ. ಫೋನ್ ಕೇಳಿಸುತ್ತೆ," ಎಂದರು ಮೆಲ್ಲಗೆ. "ಇದೊಂದು ಯಾವಾಗ ಬಿಟ್ಟುಹೋಯ್ತೋ ಗೊತ್ತೇ ಆಗಲಿಲ್ಲ." ಕೆಳಗಿನ ಷೆಡ್ಡಿನತ್ತ ನೋಡುತ್ತಾ ಹೇಳಿದರು: "ಎಷ್ಟು ಜನರ ಗಾಡಿ ಹಾಳು ಮಾಡಿ ಕಳಿಸಿದ್ದೀನೋ."

ವಾದದಲ್ಲಿ ಸೊಸೆಯೇ ಗೆದ್ದಿದ್ದಳು. ಇಂಥ ಗೆಲುವು ಯಾರಿಗೆ ಬೇಕಿತ್ತು ಎನ್ನಿಸಿತು ಅವಳಿಗೆ. "ಆ ಗಾಡಿಗಳನ್ನ ಒಂದೊಂದಾಗಿ ತರಿಸಿ ನೋಡೋಣ ಅತ್ತೆ," ಎಂದಳು. "ಗಿರಾಕಿಗಳಿಗೆ ಸುಮ್ಮನೆ ಸರ್ವೀಸಿಗೆ ಅಂತ ಹೇಳಿದರಾಯ್ತು. ಏಳಿ, ನಾನು ಓಡಿಸ್ತೀನಿ."

ಷೆಡ್ಡಿನ ಮುಂದೆ ಹಾಲಿನ ವ್ಯಾನಿನವನು ಕಾಯುತ್ತಿದ್ದ. ವ್ಯಾನು ಹಳೆಯದು, ಕಂಪ್ಯೂಟರಿನ ಗಾಳಿ ಸೋಕದ್ದು. "ಏರಿನಲ್ಲಿ ಎಳೀತಿಲ್ಲ ಅಮ್ಮ, ಒಂದು ಸಲ ಕೇಳಿ ನೋಡಿ," ಎಂದ.

ಏನಾದರೂ ನೆಪ ಹೇಳಿ ಅವನನ್ನು ಸಾಗಹಾಕಬೇಕೆಂದು ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸ್ಪ್ಯಾನರ್ ಎತ್ತಿಕೊಂಡಾಗಿತ್ತು. ವ್ಯಾನಿನವನನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡಲು ಹೇಳಿದರು. ಎಂದಿನಂತೆ ಬಾನೆಟ್ಟಿನಡಿ ಬಗ್ಗಿ, ಎಂಜಿನ್ನಿಗೆ ಕಿವಿಗೊಟ್ಟು, ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ತಿರುಗಿಸುತ್ತಾ ಹೋದರು. ಕಣ್ಣು ಮಾತ್ರ ಎದುರಿಗೆ ನಿಂತಿದ್ದ ಸೊಸೆಯ ಮುಖದ ಮೇಲಿತ್ತು.

ಸೊಸೆಗೆ ಅರ್ಥವಾಯಿತು. ಕಾಳು ಕುಲುಕಿದ ಸದ್ದು ಸಣ್ಣಗೆ ಎದ್ದ ಕೂಡಲೇ ಅವಳ ಹುಬ್ಬು ಗಂಟಿಕ್ಕಿತು. ಅತ್ತೆಯ ಕೈ ನಿಂತಿತು, ಒಂದಿಷ್ಟು ಹಿಂದಕ್ಕೆ ಬಂತು. ಹುಬ್ಬು ಸಡಿಲವಾಯಿತು. ಅತ್ತೆ ನಟ್ಟು ಬಿಗಿದರು.

"ಒಂಚೂರು ಹೆಚ್ಚಾಗಿತ್ತು, ಕೇಳಿಸ್ತಾ?" ಎಂದರು ವ್ಯಾನಿನವನಿಗೆ.

"ನಮಗೆಲ್ಲಿ ಕೇಳಿಸಬೇಕು ಅಮ್ಮ," ಎಂದು ಅವನು ನಕ್ಕ. "ಅದಕ್ಕೆ ನಿಮ್ಮಂಥ ಕಿವಿ ಬೇಕು."