ಸಂಡಿಗೆ ಹಿಟ್ಟಿನ ಪಾತ್ರೆ

ಹೆರಿಗೆಯಾದ ಮೇಲೆ ವಾರಿಜಳ ಎರಡೂ ಕೆನ್ನೆಗಳ ಮೇಲೆ ಕೆಂಪು ದದ್ದು ಎದ್ದಿತ್ತು. ಅತ್ತೆಯೇ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರು.

"ಹಾರ್ಮೋನು ಏರುಪೇರಾಗಿ, ಮೈಯನ್ನು ಕಾಯಬೇಕಾದ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿದೆ. ಇದು ಅಂಟುವ ರೋಗವಲ್ಲ. ಆದರೆ ಬಿಸಿಲಿಗೆ ಬಿದ್ದರೆ ಒಳಕ್ಕೂ ಇಳಿದೀತು, ಜೋಕೆ," ಎಂದಿದ್ದರು ಡಾಕ್ಟರು.

ಮನೆಯಲ್ಲಿ ವಾರಿಜ ಅದನ್ನು ಹೇಳಿದಾಗ ಓರಗಿತ್ತಿ ಕಿಸಕ್ಕನೆ ನಕ್ಕಳು.

ಮರುದಿನ ಓರಗಿತ್ತಿ ಸಂಡಿಗೆ ಹಿಟ್ಟಿನ ಪಾತ್ರೆಯನ್ನು ವಾರಿಜಳ ಮುಂದೆ ಕುಕ್ಕಿದಳು. "ತಗೋ, ತಾರಸಿ ಮೇಲೆ ಹೋಗಿ ಸಂಡಿಗೆ ಇಡು."

"ಅಕ್ಕಾ, ನಂಗೆ ಬಿಸಿಲಾಗಲ್ಲ..."

"ನಾವೇನು ಹೆತ್ತಿಲ್ವಾ? ನಮಗಿಲ್ಲದ ಹಾರ್ಮೋನು ನಿನಗೊಬ್ಬಳಿಗೇ ಬಂತಾ? ಮೈಗಳ್ಳಿ! ಏಳು!"

ಬೇರೆ ದಾರಿ ಕಾಣದೆ ವಾರಿಜ ಪಾತ್ರೆಗೆ ಕೈ ಹಾಕಿದಳು.

"ಮುಟ್ಟಬೇಡ!" ಅತ್ತೆ ನಡುಮನೆಯಿಂದ ಗುಡುಗುತ್ತಲೇ ಬಂದರು. "ಆ ಮುಖ ಹೊತ್ಕೊಂಡು ಸಂಡಿಗೆ ಇಡ್ತೀಯಾ? ಅದು ಅಂಟುತ್ತೆ. ನೀನು ಕೈ ಹಚ್ಚಿದ್ದನ್ನ ನನ್ನ ಮೊಮ್ಮಕ್ಕಳು ತಿನ್ನಬೇಕಾ?"

ಓರಗಿತ್ತಿಯ ಮುಖ ಬಿಳಿಚಿತು. ಪಾತ್ರೆಯನ್ನು ಕಸಿದುಕೊಂಡು ತಾನೇ ದಡದಡನೆ ಮೆಟ್ಟಿಲು ಹತ್ತಿದಳು.

ವಾರಿಜ ಅತ್ತೆಯತ್ತ ತಿರುಗಿದಳು. "ಅಂಟಲ್ಲ ಅಂತ ಡಾಕ್ಟರು ನಿಮ್ಮೆದುರೇ ಹೇಳಿದ್ರಲ್ಲ, ಅತ್ತೆ! ಅಕ್ಕನ ಮುಂದೆ ಹೀಗಂದುಬಿಟ್ರಲ್ಲ!"

ತಾರಸಿಯ ಬಾಗಿಲು ಸದ್ದು ಮಾಡುವವರೆಗೆ ಅತ್ತೆ ಕಾದರು.

"ಹೋಗು, ಮಗು ಪಕ್ಕ ಮಲಕ್ಕೋ. ನಿನ್ನ ಪರ ಮಾತಾಡಿದ್ರೆ ರಂಪ ಮಾಡ್ತಿದ್ದಳು. ಅಂಟುತ್ತೆ ಅಂದೆ, ತಾನೇ ಹೊತ್ಕೊಂಡು ಹೋದಳು."