ಹಿಂದಿನ ಸೀಟು

"ಈಗ ಒಳಗಿಂದ ಬಾಗಿಲು ತೆಗೀರಿ ನೋಡೋಣ ಮೇಡಂ," ಅಂದ ಶೋರೂಮಿನ ಅಂಬರೀಶ್. ಹೊಸ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ ಕೂತಿದ್ದ ಶಶಿರೇಖಾ ಹಿಡಿಯನ್ನು ಎಳೆದಳು. ಹಿಡಿಯೇನೋ ಎಳೆದಷ್ಟೂ ನಯವಾಗಿ ಬಂತು, ಬಾಗಿಲು ಮಾತ್ರ ಅಲುಗಲಿಲ್ಲ.

"ಚೈಲ್ಡ್ ಲಾಕ್ ಮೇಡಂ! ಸಾರ್ ಮುಂದೆ ಕೂತು ಒಂದು ಬಟನ್ ಒತ್ತಿದ್ರೆ ಮುಗೀತು, ಹಿಂದಿನೋರು ತಿಪ್ಪರಲಾಗ ಹಾಕಿದ್ರೂ ಇಳಿಯೋಕಾಗಲ್ಲ," ಅಂತ ಅಂಬರೀಶ್ ನಕ್ಕ. "ಮಕ್ಕಳೆಷ್ಟು ಸಾರ್?"

"ಇನ್ನೂ ಇಲ್ಲ," ಅಂದ ಅವಳ ಗಂಡ ಮನೋಹರ, ಬಟನ್ ಮೇಲಿಂದ ಬೆರಳು ತೆಗೆಯದೆ.

ಸನ್‌ರೂಫು, ಮೈಲೇಜು, ಯಾವುದನ್ನೂ ಅವನು ವಿಚಾರಿಸಿರಲಿಲ್ಲ. ಹೋದ ತಿಂಗಳು ಹೊಸಕೋಟೆ ಸಿಗ್ನಲ್ಲಿನಲ್ಲಿ ಹಳೇ ಕಾರು ನಿಂತಾಗ ಶಶಿರೇಖಾ ಬಾಗಿಲು ತೆಗೆದು ಇಳಿದು, ತುಟಿಯ ರಕ್ತವನ್ನು ಸೆರಗಲ್ಲಿ ಒರೆಸಿಕೊಳ್ಳುತ್ತಾ ಅನುಗೊಂಡನಹಳ್ಳಿಯ ತವರಿಗೆ ಓಡಿದ್ದಳು. "ಹೊಂದ್ಕೊಂಡು ಹೋಗಮ್ಮಾ, ಹೊಸಾ ಕಾರು ಬೇರೆ ತಗೋತಾರಂತೆ," ಅಂತ ಅಣ್ಣನೇ ಮರುದಿನ ವಾಪಸ್ಸು ತಂದು ಬಿಟ್ಟಿದ್ದ.

ಅವಳು ಹಿಡಿಯನ್ನು ಇನ್ನೊಮ್ಮೆ ಎಳೆದಳು. ಮುಂದಿನ ಕನ್ನಡಿಯಲ್ಲಿ ಮನೋಹರನ ಕಣ್ಣು ಅವಳ ಕೈಯನ್ನೇ ನೋಡುತ್ತಿತ್ತು.

"ಗಾಡಿ ಇದೇ ಇರ್ಲಿ. ಇನ್ಮೇಲೆ ಹಿಂದೇನೇ ಆರಾಮಾಗಿ ಕೂತ್ಕೊಳ್ಳುವಂತೆ," ಅಂದ ಅವನು ಅಕ್ಕರೆಯಿಂದ. "ಬಣ್ಣ ಮಾತ್ರ ನಿನ್ನಿಷ್ಟ ಕಣೇ."